ಆ ಮೊಲಕ್ಕೆ ಏನು ಸಿಕ್ಕಿತು?

ಹೋದ ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ವೇಲ್ಸ್‌ನ ಪೆನ್ನಂಟ್ ಮೆಲಂಗೆಲ್‌ಗೆ ಹೋಗಿದ್ದೆವು. ಫೋಟೋ ಹಾಕಿದ ಮೇಲೆ ಒಬ್ಬರಲ್ಲ, ಮೂವರು ಕೇಳಿದರು: "ಬರ್ಮಿಂಗ್‌ಹ್ಯಾಮ್‌ನಿಂದ ಅಷ್ಟು ದೂರ ಹೋಗಿ ನೋಡಿದ್ದು ಇದನ್ನಾ?" ಅವರಿಗೆ ಉತ್ತರ ಬರೆಯಲು ಕೂತೆ, ಉದ್ದವಾಯಿತು.

ಒಪ್ಪುತ್ತೇನೆ, ನೋಡೋಕೆ ಜಾಸ್ತಿ ಏನಿಲ್ಲ. ಒಂದು ಪುಟ್ಟ ಕಲ್ಲಿನ ಚರ್ಚು. ಅದರ ಸುತ್ತ ದುಂಡಗಿನ ಕಾಂಪೌಂಡು. ಒಳಗೆ ಗೋರಿಗಳು, ಮುದಿ ಯೂ ಮರಗಳು. ಆ ಮರಗಳಿಗೆ ಎರಡು ಸಾವಿರ ವರ್ಷ ವಯಸ್ಸು ಅಂತ ಹೇಳುತ್ತಾರೆ. ಆಚೆ ನಾಲ್ಕಾರು ಮನೆ. ಉಳಿದದ್ದೆಲ್ಲ ಬೆಟ್ಟ ಮತ್ತು ಕುರಿ. ಹತ್ತಿರದ ಊರು ಲಾಂಗನೋಗ್. ಒಂದು ಕಾಲದಲ್ಲಿ ಸೀಸದ ಗಣಿ, ಸ್ಲೇಟ್ ಕಲ್ಲಿನ ಕ್ವಾರಿ ಇದ್ದ ಊರು. 1904ರಲ್ಲಿ ಅಲ್ಲಿಗೆ ಪುಟ್ಟ ರೈಲೂ ಬಂದಿತ್ತು. ಈಗ ಯಾವುದೂ ಇಲ್ಲ. ಅಲ್ಲಿಂದ ಚರ್ಚಿಗೆ ಮೂರು ಕಿಲೋಮೀಟರು, ಒಂದೇ ಕಾರು ಹಿಡಿಸುವ ದಾರಿ. ಎದುರಿಗೆ ಟ್ರ್ಯಾಕ್ಟರ್ ಬಂತು. ನಮ್ಮನೆಯವರು ರಿವರ್ಸ್ ತೆಗೆದುಕೊಂಡಷ್ಟು ಹೊತ್ತೂ ಅಮ್ಮ ಆಂಜನೇಯನನ್ನು ಕರೆದಳು.

ಹೆಸರಿನ ಬಗ್ಗೆ ಒಂದು ಮಾತು. ಮೆಲಂಗೆಲ್ ಅಂತ ಬರೆದಿದ್ದೇನೆ, ಆದರೆ ಅದು ಸರಿಯಲ್ಲ. ವೆಲ್ಷ್ ಭಾಷೆಯಲ್ಲಿ ಎರಡು 'ಎಲ್' ಒಟ್ಟಿಗೆ ಬಂದರೆ ನಾಲಿಗೆಯನ್ನು 'ಲ' ಅನ್ನುವ ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಬಿಡಬೇಕು. ನಮ್ಮ ಅಕ್ಷರಮಾಲೆಯಲ್ಲಿ ಅದು ಇಲ್ಲ. ಇರಲಿ.

ಈಗ ಕತೆಗೆ ಬರೋಣ. ಮೆಲಂಗೆಲ್ ಐರ್ಲೆಂಡಿನ ರಾಜನ ಮಗಳು. ಅಪ್ಪ ಗೊತ್ತು ಮಾಡಿದ ಮದುವೆ ಬೇಡವೆಂದು ಸಮುದ್ರ ದಾಟಿ ಈ ಕಣಿವೆಗೆ ಬಂದು ತಪಸ್ಸಿಗೆ ಕೂತಳು. 604ರಲ್ಲಿ, ಕತೆಯ ಲೆಕ್ಕದಲ್ಲಿ, ಪೋವಿಸ್‌ನ ರಾಜ ಬ್ರೋಖ್‌ವೆಲ್ ಬೇಟೆಗೆ ಬಂದ. ನಾಯಿಗಳು ಮೊಲವೊಂದನ್ನು ಮುಳ್ಳುಪೊದೆಗೆ ಅಟ್ಟಿಸಿಕೊಂಡು ಬಂದವು. ಅಲ್ಲಿ ಈ ಹುಡುಗಿ ಪ್ರಾರ್ಥನೆ ಮಾಡುತ್ತಾ ಕೂತಿದ್ದಳು. ಮೊಲ ಅವಳ ಬಟ್ಟೆಯ ಅಂಚಿನಡಿ ಸೇರಿಕೊಂಡು, ಅಲ್ಲಿಂದ ತಿರುಗಿ ನಾಯಿಗಳನ್ನು ನೋಡಿತು. ರಾಜ ಛೂ ಬಿಟ್ಟರೂ ನಾಯಿಗಳು ಊಳಿಡುತ್ತಾ ಹಿಂದೆ ಸರಿದವು. ಕಹಳೆ ಊದಲು ಹೋದವನ ತುಟಿಗೆ ಕಹಳೆ ಅಂಟಿಕೊಂಡಿತು. ರಾಜ ಆ ಕಣಿವೆಯನ್ನೇ ಅವಳಿಗೆ ಬಿಟ್ಟುಕೊಟ್ಟ. ಓಡಿ ಬಂದವರು ಯಾರೇ ಆಗಲಿ, ಅಲ್ಲಿ ಅವರನ್ನು ಮುಟ್ಟುವಂತಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಅಮ್ಮ ಅಂದಳು, "ಇದು ನಮ್ಮ ಹಂಪಿ ಕತೆ ಅಲ್ವೇನೇ?"

ಹೌದಲ್ವಾ! ಹಕ್ಕ ಬುಕ್ಕರ ಬೇಟೆನಾಯಿಗಳ ಮೇಲೆ ಮೊಲ ತಿರುಗಿ ಬಿತ್ತು. ಇದು ಗಂಡುಮೆಟ್ಟಿದ ನೆಲ, ಇಲ್ಲೇ ರಾಜಧಾನಿ ಕಟ್ಟಿ ಅಂದರು ವಿದ್ಯಾರಣ್ಯರು. ಕೆಂಪೇಗೌಡರ ಬೆಂಗಳೂರಿಗೂ ಇದೇ ಕತೆ ಹೇಳುತ್ತಾರೆ. ಶಾಲೆಯಲ್ಲಿ ಕೇಳಿದಾಗ ನನಗೂ ರೋಮಾಂಚನವಾಗಿತ್ತು. ಆದರೆ ಅಷ್ಟೆಲ್ಲ ಧೈರ್ಯ ತೋರಿಸಿದ ಆ ಮೊಲಕ್ಕೆ ಆಮೇಲೆ ಏನಾಯಿತು ಅಂತ ನಾನಾಗಲಿ ಮೇಷ್ಟ್ರಾಗಲಿ ಯೋಚಿಸಿರಲಿಲ್ಲ. ನಮ್ಮ ಕತೆಯಲ್ಲಿ ಮೊಲ ಒಂದು ಶಕುನ. ಅದರ ಕೆಲಸ ಮುಗಿಯಿತು, ಕೋಟೆಯ ಕೆಲಸ ಶುರುವಾಯಿತು. ಪೆನ್ನಂಟ್‌ನ ಕತೆಯಲ್ಲಿ ಮೊಲಕ್ಕೇ ಜಾಗ ಸಿಕ್ಕಿತು.

ಸಿಕ್ಕಿತು ಅಂತ ಸುಮ್ನೆ ಹೇಳುತ್ತಿಲ್ಲ. ಹಳೆಯ ವೇಲ್ಸ್ ಕಾನೂನಿನಲ್ಲಿ ಬೆಕ್ಕಿಗೂ ಬೆಲೆ ಕಟ್ಟಿದ್ದಾರೆ, ಮೊಲಕ್ಕೆ ಬೆಲೆಯೇ ಇಲ್ಲ. ಅದು ಒಂದು ತಿಂಗಳು ಗಂಡು, ಇನ್ನೊಂದು ತಿಂಗಳು ಹೆಣ್ಣು ಅಂತ ನಂಬಿಕೆ, ಬೆಲೆ ಹೇಗೆ ಕಟ್ಟೋದು? ಅಂಥ ಪ್ರಾಣಿಯನ್ನು ಈ ಕಣಿವೆಯ ಜನ 'ಮೆಲಂಗೆಲ್‌ಳ ಕುರಿಮರಿ' ಅಂತ ಕರೆದರು. 18ನೇ ಶತಮಾನದಲ್ಲಿ ಈ ಕಡೆ ಓಡಾಡಿದ ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ: ಹಿಂದಿನ ಶತಮಾನದವರೆಗೂ ಇಲ್ಲಿ ಯಾರೂ ಮೊಲ ಕೊಲ್ಲುತ್ತಿರಲಿಲ್ಲವಂತೆ. ನಾಯಿಗಳು ಅಟ್ಟುವಾಗ ಯಾರಾದರೂ "ದೇವರು, ಮೆಲಂಗೆಲ್ ನಿನ್ನ ಜೊತೆಗಿರಲಿ" ಅಂತ ಕೂಗಿದರೆ ಮೊಲ ತಪ್ಪಿಸಿಕೊಳ್ಳುತ್ತಿತ್ತಂತೆ. ಕತೆ ನಿಜವೋ ಸುಳ್ಳೋ, ನನಗೆ ಮುಖ್ಯವಲ್ಲ. ಹಸಿದಿದ್ದ ಬಡ ರೈತರು ಒಂದು ಕತೆಗಾಗಿ ಕೈಗೆ ಸಿಗುವ ಮಾಂಸ ಬಿಟ್ಟರು, ಅದು ಮುಖ್ಯ. ಅಂದ ಹಾಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿ ಬಿಟ್ಟು ಬೇಟೆಯಾಡುವುದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 2004ರಲ್ಲಿ. 604ರಿಂದ ಲೆಕ್ಕ ಹಾಕಿ ನೋಡಿ.

ಚರ್ಚಿನ ಒಳಗೆ 15ನೇ ಶತಮಾನದ ಮರದ ಕೆತ್ತನೆಯ ಅಡ್ಡ ಪರದೆ ಇದೆ. ಅದರ ಮೇಲೆ ರಾಜ, ನಾಯಿಗಳು, ಮೊಲ, ಮಧ್ಯದಲ್ಲಿ ಮೆಲಂಗೆಲ್. ಗೊಂಬೆಗಳು ಒರಟು, ಊರಿನ ಬಡಗಿಯೇ ಕೆತ್ತಿರಬೇಕು ಅನ್ನಿಸುತ್ತದೆ. ನನಗೆ ಇಷ್ಟವಾಗಿದ್ದೂ ಅದೇ. ಒಳಗಡೆ ಅವಳ 12ನೇ ಶತಮಾನದ ಸಮಾಧಿಮಂಟಪ. ಕಂಬಗಳ ಮೇಲೆ ಕಡಿದಾದ ಮಾಡಿನ ಪುಟ್ಟ ಮನೆ ಇಟ್ಟ ಹಾಗಿದೆ. 16ನೇ ಶತಮಾನದಲ್ಲಿ ಧರ್ಮ ಸುಧಾರಣೆಯ ಹೆಸರಿನಲ್ಲಿ ಇಂಥವನ್ನೆಲ್ಲ ಒಡೆದಾಗ ಇದೂ ಹೋಯಿತು. ಆದರೆ ಕೆತ್ತಿದ ಕಲ್ಲುಗಳನ್ನು ಚರ್ಚಿನ ಗೋಡೆಗೂ ಅಂಗಳದ ಬಾಗಿಲಿನ ಕಟ್ಟಡಕ್ಕೂ ಸೇರಿಸಿ ಕಟ್ಟಿಬಿಟ್ಟಿದ್ದರು. ಭಕ್ತಿಯೋ, ಕಲ್ಲು ಯಾಕೆ ದಂಡ ಮಾಡಬೇಕೆಂಬ ಲೆಕ್ಕವೋ! ಸುಮಾರು ನಾಲ್ಕು ನೂರು ವರ್ಷದ ಮೇಲೆ, 1950ರ ದಶಕದ ಕೊನೆಯಲ್ಲಿ, ಅವನ್ನು ಬಿಡಿಸಿ ಮತ್ತೆ ಜೋಡಿಸಿದರು. 1980ರ ದಶಕದಲ್ಲಿ ಚರ್ಚೇ ಬೀಳುವ ಸ್ಥಿತಿಗೆ ಬಂದಿತ್ತು. ಒಬ್ಬ ಪಾದ್ರಿ ಮತ್ತು ಅವರ ಹೆಂಡತಿ ಹಟ ಹಿಡಿದು ನಿಲ್ಲಿಸಿಕೊಂಡರು.

ಅಮ್ಮ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಕಲ್ಲುನೆಲ ಮಂಜುಗಡ್ಡೆಯ ಹಾಗಿತ್ತು, ಬೇಡ ಅಂದರೂ ಕೇಳಲಿಲ್ಲ. ಸಮಾಧಿಯ ಹತ್ತಿರ ಜನ ಇಟ್ಟ ಚೀಟಿಗಳಿದ್ದವು. ಗಂಡನಿಗೆ ಗುಣವಾಗಲಿ, ಮಗಳು ಮನೆಗೆ ಬರಲಿ, ಹೀಗೆ. "ಹರಕೆ" ಅಂದಳು ಅಮ್ಮ. ತಾನೂ ಒಂದು ಚೀಟಿ ಬರೆದಳು. ಏನು ಅಂತ ಹೇಳಲಿಲ್ಲ.

ಹಾಗಾಗಿ, ಆ ಮೂವರಿಗೆ: ಹೌದು, ಇದನ್ನೇ ನೋಡಲು ಹೋದೆವು. ಆ ದಾರಿಯನ್ನು ಯಾರೂ ಅಗಲ ಮಾಡದಿದ್ದರೆ ಸಾಕು. ಮೊಲ ಒಂದೂ ಕಾಣಲಿಲ್ಲ.

ರಾತ್ರಿ ಅಮ್ಮ ಚಿತ್ರದುರ್ಗಕ್ಕೆ ಫೋನ್ ಹಚ್ಚಿ ಚಿಕ್ಕಮ್ಮನಿಗೆ ಇಡೀ ಕತೆ ಹೇಳಿದಳು. ಅಡುಗೆಮನೆಯಿಂದ ಕೇಳಿಸುತ್ತಿತ್ತು. "ಪಾಪ ಆ ಹುಡುಗಿ ಒಬ್ಬಳೇ ಕಾಡಲ್ಲಿ ಕೂತಿದ್ಲಂತೆ ಕಣೇ. ಅಷ್ಟೊತ್ತಿಗೆ ಬುಕ್ಕರಾಯನ ನಾಯಿಗಳು ಬಂದ್ವಂತೆ..."