ಮಿತಿಯೇ ಇಲ್ಲ, ಹಾಗಾಗಿ ಮೀರಿಲ್ಲ

ಕೋಲಾರದ ಒಂದು ಆಸ್ಪತ್ರೆಯಲ್ಲಿ ಹೊಸ ಬ್ಲಾಕ್ ಏಳುತ್ತಿದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ನಾಳೆ ನನಗೂ ಅಲ್ಲೇ ಬೆಡ್ ಬೇಕಾಗಬಹುದು. ಗುದ್ದಲಿ ಪೂಜೆ ಆಯಿತು. ಫ್ಲೆಕ್ಸ್ ಕಟ್ಟಿದ್ದಾಯಿತು. ಕೈ ಮುಗಿದ ಮುಖಗಳಿಗೇ ಜಾಗ ಸಾಲದೆ ಕಟ್ಟಡದ ಚಿತ್ರವನ್ನು ಫ್ಲೆಕ್ಸಿನ ಮೂಲೆಗೆ ತಳ್ಳಿದ್ದೂ ಆಯಿತು. ಈಗ ಹಳೇ ಗೋಡೆ ಒಡೆಯುವ ಕೆಲಸ. ಆ ಕಡೆ ಬ್ರೇಕರ್ ಗುಡುಗುತ್ತಿದೆ, ಈ ಕಡೆ ಕೀಮೋ ತೆಗೆದುಕೊಂಡವರು ಮಲಗಿದ್ದಾರೆ. ನಡುವೆ ಒಂದು ಹಸಿರು ನೆಟ್.

ಈ ನೆಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೇ ಗೋಡೆ, ನೀರು ಜಿನುಗಿ ಕಪ್ಪಾದ ಫಾಲ್ಸ್ ಸೀಲಿಂಗ್, ಧೂಳು ತುಂಬಿದ ಎಸಿ ಡಕ್ಟ್, ಇಲ್ಲೆಲ್ಲ ಬೂಷ್ಟು ಸಂಸಾರ ಹೂಡಿರುತ್ತದೆ. ಅದರಲ್ಲಿ ಆಸ್ಪರ್ಜಿಲಸ್ ಅಂತ ಒಂದು ಜಾತಿ. ಒಡೆದ ಕೂಡಲೇ ಅದರ ಬೀಜಾಣುಗಳು ಗಾಳಿಗೆ ಬರುತ್ತವೆ. ಒಂದೊಂದರ ಅಗಲ 2ರಿಂದ 3 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನೆಟ್ಟಿನ ತೂತು ಬರೀ ಒಂದು ಮಿಲಿಮೀಟರ್ ಅಂತಲೇ ಇಟ್ಟುಕೊಳ್ಳಿ, 300ಕ್ಕೂ ಜಾಸ್ತಿ ಬೀಜಾಣು ಹೆಗಲಿಗೆ ಹೆಗಲು ಕೊಟ್ಟು ಒಂದೇ ಸಾಲಿನಲ್ಲಿ ದಾಟಬಹುದು. ಯಾರೂ ತಲೆ ಬಗ್ಗಿಸಬೇಕಾಗಿಲ್ಲ. ಆದರೆ ಎಸ್ಟಿಮೇಟಿನಲ್ಲಿ ನೆಟ್ಟಿನ ಹೆಸರು 'ಸೋಂಕು ತಡೆ ಪರದೆ'.

ನಾನು, ನೀವು ಈ ಬೀಜಾಣುಗಳನ್ನು ದಿನಾ ಉಸಿರಾಡುತ್ತೇವೆ, ನಮಗೇನೂ ಆಗುವುದಿಲ್ಲ. ಒಳಗಿನ ಬಿಳಿ ರಕ್ತಕಣಗಳು ಗುಡಿಸಿ ಹಾಕುತ್ತವೆ. ಕೀಮೋದಿಂದ ಆ ಕಣಗಳೇ ಕುಸಿದವರು, ಮೂಳೆ ಮಜ್ಜೆ ಕಸಿ ಮಾಡಿಸಿಕೊಂಡವರು, ಜೋರಾಗಿ ಸ್ಟೀರಾಯ್ಡ್ ನಡೆಯುತ್ತಿರುವವರು, ಇವರ ಶ್ವಾಸಕೋಶದಲ್ಲಿ ಅದು ಬೇರು ಬಿಡುತ್ತದೆ. ಆಮೇಲೆ ಔಷಧಿ ಕೊಟ್ಟರೂ ಎಷ್ಟೋ ಜನ ಉಳಿಯುವುದಿಲ್ಲ. ಅದಕ್ಕೇ ಮೊದಲು ಮುಚ್ಚು, ಆಮೇಲೆ ಒಡೆ ಅನ್ನುವುದು ಎಲ್ಲ ಕಡೆಯ ಪದ್ಧತಿ.

ನಮ್ಮಲ್ಲಿ ಮೊದಲು ಒಡೆದರು. ಆಮೇಲೆ ಸಮಿತಿ ಮಾಡಿದರು.

ಸಮಿತಿಯ ಹೆಸರು 'ವಾಯುಗತ ಶಿಲೀಂಧ್ರ ಬೀಜಾಣು ನಿಗಾ ಸಮಿತಿ'. ಬೋರ್ಡಿಗೆ ಮೊಳೆ ಹೊಡೆದಾಗಲೇ ಒಂದಷ್ಟು ಬೀಜಾಣು ಹಾರಿರಬೇಕು. ಇವರ ಮುಖ್ಯ ಕೆಲಸ ಪ್ಲೇಟ್ ಇಡುವುದು. ಬೂಷ್ಟು ಬೆಳೆಯಲು ಅನುಕೂಲವಾದ ಮೇವು ಹಾಕಿದ ಗಾಜಿನ ತಟ್ಟೆ ಅದು. ಮುಚ್ಚಳ ತೆಗೆದಿಟ್ಟರೆ ಗಾಳಿಯಲ್ಲಿದ್ದದ್ದು ಮೇಲೆ ಬಿದ್ದು ಮೊಳೆಯುತ್ತದೆ. ಪ್ಲೇಟ್ ಇಟ್ಟದ್ದು ಮೇಲಧಿಕಾರಿಗಳ ಎಸಿ ಕ್ಯಾಬಿನ್ನಿನಲ್ಲಿ, ಯಾಕೆಂದರೆ ಅಲ್ಲಿ ಟೇಬಲ್ ಚೆನ್ನಾಗಿದೆ. ಇಟ್ಟದ್ದು ಊಟದ ಹೊತ್ತಿನಲ್ಲಿ, ಯಾಕೆಂದರೆ ಆಗ ಬ್ರೇಕರ್ ನಿಂತಿರುತ್ತದೆ, ಪ್ಲೇಟಿಗೆ ತೊಂದರೆ ಆಗಬಾರದು ನೋಡಿ. ತೆರೆದಿಟ್ಟದ್ದು ಕಾಲು ಗಂಟೆ. ಇಷ್ಟು ಸಣ್ಣ ಬೀಜಾಣು ನಿಂತ ಗಾಳಿಯಲ್ಲಿ ಕೆಳಗಿಳಿಯುವುದು ಗಂಟೆಗೆ ಸುಮಾರು ಒಂದು ಮೀಟರ್. ಅದು ನಿಧಾನಕ್ಕೆ ಇಳಿದು ಬರುವ ಹೊತ್ತಿಗೆ ಇವರು ಮುಚ್ಚಳ ಹಾಕಿ, ಸಹಿ ಮಾಡಿ, ಕಾಫಿ ಕುಡಿದೂ ಆಗಿತ್ತು.

ಗಾಳಿಯನ್ನು ಅಳತೆ ಮಾಡಿ ಒಳಕ್ಕೆಳೆದು ಪ್ಲೇಟಿಗೆ ಬಡಿಯುವ ಯಂತ್ರವೂ ಇದೆ. ಆಂಡರ್ಸನ್ ಸ್ಯಾಂಪ್ಲರ್ ಅಂತ, ನಿಮಿಷಕ್ಕೆ 28.3 ಲೀಟರ್ ಗಾಳಿ ಎಳೆಯುತ್ತದೆ. ಆಸ್ಪತ್ರೆಯವರು ಅದನ್ನೂ ತರಿಸಿದ್ದಾರೆ, ಸುಳ್ಳು ಹೇಳಬಾರದು. ಯಂತ್ರ ಸ್ಟೋರಿನಲ್ಲಿದೆ, ಕೀಲಿ ಸ್ಟೋರ್ ಕೀಪರ್ ಹತ್ತಿರ ಇದೆ, ಸ್ಟೋರ್ ಕೀಪರ್ ಡೆಪ್ಯುಟೇಶನ್ ಮೇಲೆ ಮುಳಬಾಗಿಲಿನಲ್ಲಿದ್ದಾರೆ.

ಸರಿಯಾದ ಜಾಗದಲ್ಲಿ ಸರಿಯಾದ ಯಂತ್ರವನ್ನೇ ಇಟ್ಟರೂ ಬೂಷ್ಟು ಬೆಳೆದು ಎಣಿಕೆಗೆ ಸಿಗಲು ಕೆಲವು ದಿನ ಬೇಕು, ಒಮ್ಮೊಮ್ಮೆ ವಾರ. ಅಷ್ಟರಲ್ಲಿ ಗೋಡೆ ನೆಲಸಮ, ಧೂಳು ಎದೆಯೊಳಗೆ. ಹೋದ ವಾರ ಗೇಟು ತೆರೆದಿತ್ತು ಅಂತ ಈ ವಾರ ಬಂದು ಹೇಳುವ ವಾಚ್‌ಮನ್ ಇದ್ದಂತೆ. ಅದಕ್ಕೇ ತಿಳಿದವರು ಗಾಳಿಯಲ್ಲಿನ ಕಣಗಳನ್ನು ಅಲ್ಲೇ ಎಣಿಸುವ ಸಣ್ಣ ಮೀಟರನ್ನೂ ಜೊತೆಗೆ ಹಿಡಿದು ಓಡಾಡುತ್ತಾರೆ. ಬೂಷ್ಟು ಯಾವುದು, ಸಿಮೆಂಟ್ ಯಾವುದು ಅಂತ ಅದು ಹೇಳುವುದಿಲ್ಲ. ಆದರೆ ಧೂಳು ಈಗ ಒಳಗೆ ಬರ್ತಾ ಇದೆ ಅನ್ನುವುದನ್ನು ಈಗಲೇ ಹೇಳುತ್ತದೆ.

ಆದರೆ ಸಮಿತಿಯ ಜಾಣತನ ಕಾಣುವುದು ಮಿತಿಯ ವಿಷಯದಲ್ಲಿ. ಗಾಳಿಯಲ್ಲಿ ಎಷ್ಟು ಬೀಜಾಣು ಇದ್ದರೆ ಅಪಾಯ? ಇದಕ್ಕೆ ಎಲ್ಲರೂ ಒಪ್ಪಿದ ಅಂಕಿಯೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರ ಮಾರ್ಗಸೂಚಿಯಲ್ಲೂ ಅಂಥ ಅಂಕಿ ಕೊಟ್ಟಿಲ್ಲ. ಹಾಗಿದ್ದಮೇಲೆ ಕೆಲಸ ಶುರುವಾಗುವ ಮೊದಲಿನ ಲೆಕ್ಕಕ್ಕೆ ಈಗಿನದನ್ನು, ಹೊರಗಿನ ಗಾಳಿಗೆ ಒಳಗಿನದನ್ನು ಹೋಲಿಸಿ ನೋಡಬೇಕು ಅನ್ನುವುದು ಸಾಮಾನ್ಯ ಬುದ್ಧಿ. ಸಮಿತಿ ಬರೆದದ್ದು ಹೀಗೆ: 'ಮಿತಿ ನಿಗದಿಯಾಗಿರುವುದಿಲ್ಲ. ಆದ್ದರಿಂದ ಮಿತಿ ಮೀರಿರುವುದಿಲ್ಲ.' ಇಂಥ ವಾಕ್ಯ ಬರೆಯಲು ಸರ್ವೀಸ್ ಬೇಕು ಸ್ವಾಮಿ.

ಹೋಲಿಕೆಯನ್ನೂ ಬಿಡಲಿಲ್ಲ. ಹೊರಗಿನ ಗಾಳಿಯ ಸ್ಯಾಂಪಲ್ ತರಲು ಅಟೆಂಡರ್ ಒಬ್ಬರನ್ನು ಕಳಿಸಿದರು. ಅವರು ನೇರ ಹೋಗಿ ಪ್ಲೇಟ್ ತೆರೆದದ್ದು ರೇಟ್ ಬಿದ್ದ ದಿನ ಯಾರೋ ಸುರಿದು ಹೋದ ಟೊಮೆಟೊ ರಾಶಿಯ ಪಕ್ಕ. ಕೋಲಾರದಲ್ಲಿ ಟೊಮೆಟೊ ರೇಟ್ ಬಿದ್ದರೆ ರಸ್ತೆ ಬದಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆ ಪ್ಲೇಟಿನ ಮುಂದೆ ಒಡೆದ ಗೋಡೆಯ ವಾರ್ಡು ನಂದಿ ಬೆಟ್ಟದ ಬೆಳಗಿನ ಗಾಳಿ ಅನ್ನಿಸಿತು. ವರದಿಯಲ್ಲಿ ದಪ್ಪ ಅಕ್ಷರ: 'ಹೊರಗಿಗಿಂತ ಒಳಗೆ ಎಷ್ಟೋ ಉತ್ತಮ.'

ಸೋಂಕು ನಿಯಂತ್ರಣದ ಸಿಸ್ಟರ್ ಒಬ್ಬರಿದ್ದಾರೆ. ಸಮಿತಿಯಲ್ಲಿ ಅವರ ಹೆಸರು ಕೊನೆಯಲ್ಲಿದೆ, ಕೆಲಸ ಗೊತ್ತಿರುವುದು ಅವರಿಗೆ. ಒಂದು ಮಧ್ಯಾಹ್ನ ದೇವರ ಫೋಟೋ ಮುಂದಿನ ಊದುಬತ್ತಿ ತಂದು ವಾರ್ಡಿನ ಬಾಗಿಲ ಸಂದಿಗೆ ಹಿಡಿದರು. ಕೆಲಸದ ಜಾಗದಿಂದ ಗಾಳಿಯನ್ನು ಫ್ಯಾನಿನಿಂದ ಹೊರಗೆಳೆಯುತ್ತಿದ್ದರೆ ಹೊಗೆ ಆ ಕಡೆಗೆ ಹೋಗಬೇಕು, ವಾರ್ಡಿಗೆ ತಿರುಗಬಾರದು. ಹೊಗೆ ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ ಬಾಗಿ, ಸಲೀಸಾಗಿ ಮೊದಲನೇ ಬೆಡ್ಡಿನ ಕಡೆ ಹೊರಟಿತು. ಬೆಡ್ಡಿನಲ್ಲಿದ್ದ ಅಜ್ಜಿ, ಪೂಜೆ ಅಂದುಕೊಂಡು ಕೈ ಮುಗಿದರು.

"ನೋಡಿ ಸಾರ್, ಗಾಳಿ ಎಲ್ಲಾ ಇಲ್ಲಿಗೇ ಬರ್ತಿದೆ" ಅಂದರು ಸಿಸ್ಟರ್.

ಇಂಜಿನಿಯರ್ ಸಾಹೇಬರು ನೋಡಿದರು. "ಅದು ಊದುಬತ್ತಿ ಹೊಗೆ ಅಲ್ವಾಮ್ಮ, ಬೂಷ್ಟಲ್ಲವಲ್ಲ."

ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದರು. ಇಡೀ ಕಟ್ಟಡದಲ್ಲಿ ಗೋಡೆಗೆ ನೀರು ಹೊಡೆದು ನೆನೆಸಿ ಒಡೆಯುವವರು ಅವರೊಬ್ಬರೇ. "ದಪ್ಪ ಪ್ಲಾಸ್ಟಿಕ್ ಶೀಟು, ಟೇಪು ಕೊಡಿಸಿ ಸಾರ್, ಮೇಲಿಂದ ಕೆಳಗಿನವರೆಗೂ ಬಿಗಿಯಾಗಿ ಅಂಟಿಸಿಬಿಡ್ತೀನಿ. ಸಂಜೆಯೊಳಗೆ ಆಗೋಗುತ್ತೆ" ಅಂದರು.

"ಎಸ್ಟಿಮೇಟಿನಲ್ಲಿ ಆ ಐಟಂ ಇಲ್ಲಪ್ಪ."

ಐಟಂ ಇರುವುದು ಗಾಳಿ ಸೋಸುವ ಹೆಪಾ ಫಿಲ್ಟರ್. 0.3 ಮೈಕ್ರಾನ್ ಕಣಗಳಲ್ಲೂ ನೂರಕ್ಕೆ 99.97ರಷ್ಟನ್ನು ಹಿಡಿಯುತ್ತದೆ, ಬೂಷ್ಟಿನ ಬೀಜಾಣು ಅದಕ್ಕೆ ಯಾವ ಲೆಕ್ಕ. ಅದು ಬಂದಿದೆ, ಚಾಲೂ ಇದೆ. ಎಲ್ಲಿ ಅಂದಿರಾ? ಪ್ಲೇಟ್ ಇಟ್ಟ ಕ್ಯಾಬಿನ್ನಿನಲ್ಲೇ.

ಇನ್ನು ಲಿಫ್ಟ್. ಒಡೆದ ಮಣ್ಣು ಬಾಂಡ್ಲಿಯಲ್ಲಿ ಇಳಿಯುವುದು ಅದರಲ್ಲೇ, ಆಪರೇಷನ್‌ಗೆ ರೋಗಿ ಹತ್ತುವುದೂ ಅದರಲ್ಲೇ. ಇಬ್ಬರೂ ಒಟ್ಟಿಗೆ ಬಂದರೆ ಮಣ್ಣಿಗೇ ಮೊದಲ ದಾರಿ, ಲಾರಿ ಕಾಯುತ್ತಿರುತ್ತದೆ.

ಇದು ನಡೆಯುತ್ತಿರುವುದು ಯಾವ ಜಿಲ್ಲೆಯಲ್ಲಿ ನೋಡಿ. ಕೆಜಿಎಫ್‌ನ ಗಣಿಯಲ್ಲಿ ಧೂಳು ಕುಡಿದ ಕಾರ್ಮಿಕರಲ್ಲಿ ಎಷ್ಟು ಜನಕ್ಕೆ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಅಂತ 1940ರ ದಶಕದಲ್ಲೇ ಲೆಕ್ಕ ಹಾಕಿದ್ದರು. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳ ಧೂಳು ಇವತ್ತಿಗೂ ಗಾಳಿ ಬೀಸಿದರೆ ಊರೊಳಗೆ ಬರುತ್ತದೆ. ಧೂಳು ಎದೆಗೆ ಏನು ಮಾಡುತ್ತದೆ ಅಂತ ನಮಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿಲ್ಲ. 2021ರ ಮೇ ತಿಂಗಳಲ್ಲಂತೂ ಬ್ಲ್ಯಾಕ್ ಫಂಗಸ್ ಹೆಸರು ಮಕ್ಕಳ ಬಾಯಲ್ಲೂ ಇತ್ತು. ಅದು ಬೇರೆ ಜಾತಿ ಬೂಷ್ಟು, ಆದರೆ ಬರುವುದು ಗಾಳಿಯಲ್ಲೇ. ಅದರ ಔಷಧಿ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಜನ ಊರೂರು ಅಲೆದರು. ಅಲೆದವರಲ್ಲಿ ಕೆಲವರಾದರೂ ಈಗ ಸಮಿತಿಯಲ್ಲಿರಬಹುದು.

ಮೊನ್ನೆ ಸಿಸ್ಟರ್ ಯಾರಿಗೂ ಹೇಳದೆ ಒಂದು ಪ್ಲೇಟನ್ನು ವಾರ್ಡಿನಲ್ಲೇ, ಬ್ರೇಕರ್ ಓಡುವಾಗಲೇ ಇಟ್ಟರು. ಐದನೇ ದಿನಕ್ಕೆ ಪ್ಲೇಟ್ ತುಂಬ ಬೂದು ಹಸಿರು ಮಖಮಲ್. ಎಣಿಸಲು ಜಾಗವೇ ಇಲ್ಲ. ಸಮಿತಿ ತುರ್ತು ಸಭೆ ಸೇರಿ ಬಹಳ ಹೊತ್ತು ನೋಡಿತು. ತೀರ್ಮಾನ ಬಂತು: ಪ್ಲೇಟಿನಲ್ಲಿ ದೋಷವಿದೆ, ಸಪ್ಲೈಯರ್‌ಗೆ ನೋಟಿಸ್ ಕೊಡತಕ್ಕದ್ದು.

ಹೊಸ ಪ್ಲೇಟುಗಳಿಗೆ ಟೆಂಡರ್ ಕರೆದಿದ್ದಾರೆ. ಷರತ್ತಿನ ಮೊದಲ ಸಾಲು ಹೀಗಿದೆ: 'ಪ್ಲೇಟಿನ ಮೇಲೆ ಯಾವುದೇ ರೀತಿಯ ಬೂಷ್ಟು ಬೆಳೆಯದಂತೆ ಒಂದು ವರ್ಷದ ವಾರಂಟಿ ನೀಡತಕ್ಕದ್ದು.'