ಸಿಗಡಿ ಕೊನೆಗೆ ಹಾಕಿ
ತೆಂಗಿನ ಹಾಲಿನ ಸಿಗಡಿ ಅನ್ನಕ್ಕೆ ಎಲ್ಲವನ್ನೂ ಒಟ್ಟಿಗೇ ಕುಕ್ಕರಿಗೆ ಹಾಕಿ ಎರಡು ಸೀಟಿ ಕೂಗಿಸಿ ಎಂದು ಬರೆದಿದ್ದೀರಿ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಸಿಗಡಿ ರಬ್ಬರಿನ ಹಾಗಾಯ್ತು! ಅದಕ್ಕೆ ನಾಲ್ಕೈದು ನಿಮಿಷ ಸಾಕು, ಅಲ್ವಾ?

ಈಗ ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಳಿ ಅರೆದು, ತೆಂಗಿನೆಣ್ಣೆಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿಯುತ್ತೇನೆ. ಅದಕ್ಕೇ ತೊಳೆದ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ, ತೆಳು ತೆಂಗಿನ ಹಾಲು, ಉಪ್ಪು. ಅನ್ನ ಮುಕ್ಕಾಲು ಬೆಂದ ಮೇಲೆ ಸಿಗಡಿ ಮತ್ತು ಗಟ್ಟಿ ಹಾಲು ಹಾಕಿ, ಮುಚ್ಚಿ, ಸಣ್ಣ ಉರಿ. ಕುಚ್ಚಲಕ್ಕಿ ಮಾತ್ರ ಬೇಡ, ಅಷ್ಟರಲ್ಲಿ ಬೇಯುವುದೇ ಇಲ್ಲ ಮಾರಾಯ್ರೆ.

ಜೂನ್ 1ರಿಂದ ಜುಲೈ 31ರ ತನಕ ಮಲ್ಪೆಯಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ಒಣ ಸಿಗಡಿ ಹುರಿದು ಹಾಕಿ, ಉಪ್ಪು ಸ್ವಲ್ಪ ಕಡಿಮೆ.