ಬಷೀರ್ ಬರೀ ಮ್ಯಾಂಗೋಸ್ಟೀನ್ ಮರದ ಕೆಳಗಿನ ಅಜ್ಜ ಅಲ್ಲ

ಜುಲೈ 5 ಬಂತು ಅಂದ್ರೆ ಸಾಕು, ಮಲಯಾಳಿ ಗೆಳೆಯರ ವಾಲ್ ತುಂಬಾ ಅದೇ ಫೋಟೋ. ಬೋಳು ತಲೆ, ಬರಿ ಮೈ, ಆರಾಮ ಕುರ್ಚಿ, ಪಕ್ಕದಲ್ಲಿ ಗ್ರಾಮಫೋನು, ಮೇಲೆ ಮ್ಯಾಂಗೋಸ್ಟೀನ್ ಮರದ ನೆರಳು. ಮಲಯಾಳಂ ಕಥೆಗಾರ ವೈಕಂ ಮುಹಮ್ಮದ್ ಬಷೀರ್, ಅರ್ಥಾತ್ ಬೇಪೂರ್ ಸುಲ್ತಾನ. 1994ರಲ್ಲಿ ಅವರು ತೀರಿಕೊಂಡ ದಿನ ಅದು. ಕೇರಳದ ಶಾಲೆಗಳಲ್ಲಿ ಮಕ್ಕಳು ಅವರ ಪುಸ್ತಕಗಳ ಪಾತುಮ್ಮ, ಮಜೀದ್ ಅಂತ ವೇಷ ಹಾಕುತ್ತಾರೆ, ಕೆಲವು ಕಡೆ ನಿಜವಾದ ಆಡನ್ನೇ ಸ್ಟೇಜಿಗೆ ಹತ್ತಿಸುತ್ತಾರೆ. ನೋಡೋಕೆ ಚೆಂದ. ಒಬ್ಬ ಬರಹಗಾರನಿಗೆ ಇಷ್ಟು ಪ್ರೀತಿ ಸಿಗುವುದು ಸಣ್ಣ ಮಾತೇನಲ್ಲ.

ಆದರೆ ನನ್ನದೊಂದು ತಕರಾರು ಇದೆ. ಈ ಪ್ರೀತಿಯಲ್ಲಿ ಬಷೀರ್ ಒಬ್ಬ ಮುದ್ದು ಅಜ್ಜ ಆಗಿಬಿಟ್ಟಿದ್ದಾರೆ. ಮುಗ್ಧ, ಸರಳ, ವ್ಯಾಕರಣ ಗೊತ್ತಿಲ್ಲದಿದ್ದರೂ ಬಾಯಿಗೆ ಬಂದ ಹಾಗೆ ಬರೆದ ದೊಡ್ಡ ಮನಸ್ಸಿನ ಮನುಷ್ಯ! ಕನ್ನಡದಲ್ಲಿ ಅವರ ಬಗ್ಗೆ ಬರೆಯುವವರೂ ಇದನ್ನೇ ಬರೆಯುತ್ತಾರೆ. ಬಾಯಿಗೆ ಬಂದ ಹಾಗೆ ಬರೆದರೆ ಹಾಗೆ ಬರೆಯೋಕಾಗುತ್ತಾ? ಒಂದು ಪುಟ ಟ್ರೈ ಮಾಡಿ ನೋಡಿ, ಗೊತ್ತಾಗುತ್ತೆ.

ಅವರ ಬದುಕನ್ನೇ ನೋಡಿ. ಹುಟ್ಟಿದ್ದು 1908ರಲ್ಲಿ, ವೈಕಂ ಹತ್ತಿರದ ತಲಯೋಲಪ್ಪರಂಬಿನಲ್ಲಿ. ಅಪ್ಪ ಮರದ ವ್ಯಾಪಾರಿ. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಎಲ್ಲ ಜಾತಿಯವರೂ ನಡೆಯಬೇಕು ಅಂತ ವೈಕಂ ಸತ್ಯಾಗ್ರಹ ನಡೀತಿದ್ದ ಕಾಲ, ಗಾಂಧಿ ಬಂದರು, ಈ ಹುಡುಗ ಜನರ ನಡುವೆ ನುಗ್ಗಿ ಅವರನ್ನು ಮುಟ್ಟಿದ. ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದ್ದೇ ಹೇಳಿದ್ದು. ಆಮೇಲೆ ಓದನ್ನು ಅರ್ಧಕ್ಕೆ ಬಿಟ್ಟು, 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಅಂತ ಕೋಯಿಕ್ಕೋಡಿಗೆ ಹೋಗಿ ಅರೆಸ್ಟಾಗಿ, ಕಣ್ಣೂರು ಜೈಲು ಸೇರಿದರು. ಹೊರಗೆ ಬಂದಾಗ ಅಹಿಂಸೆಯ ಮೇಲಿನ ನಂಬಿಕೆ ಸಡಿಲವಾಗಿತ್ತು. ಭಗತ್ ಸಿಂಗ್ ದಾರಿ ಹಿಡಿಸಿತು. ‘ಉಜ್ಜೀವನಂ’ ಪತ್ರಿಕೆಯಲ್ಲಿ ‘ಪ್ರಭಾ’ ಅನ್ನುವ ಹೆಸರಲ್ಲಿ ಕೆಂಡದಂಥ ಲೇಖನ ಬರೆದರು. ಪೊಲೀಸರು ಹಿಂದೆ ಬಿದ್ದಾಗ ಊರು ಬಿಟ್ಟರು.

ಮುಂದಿನ ಸುಮಾರು ಏಳು ವರ್ಷದ ಅಲೆದಾಟ ಎಲ್ಲರಿಗೂ ಬಾಯಿಪಾಠ: ಸನ್ಯಾಸಿಗಳ ಜೊತೆ, ಸೂಫಿಗಳ ಜೊತೆ, ಹಡಗಿನಲ್ಲಿ ಖಲಾಸಿ, ಅಡುಗೆಯವನು, ಕಾವಲುಗಾರ, ಕೈ ನೋಡಿ ಭವಿಷ್ಯ ಹೇಳುವವನು. ಇದನ್ನು ಎಲ್ಲರೂ ರೋಮ್ಯಾಂಟಿಕ್ ಆಗಿ ಹೇಳ್ತಾರೆ. ವಾಪಸ್ ಬಂದಾಗಿನ ಕಥೆ ಯಾರೂ ಅಷ್ಟಾಗಿ ಹೇಳಲ್ಲ. ಅಪ್ಪನ ವ್ಯಾಪಾರ ಮುಳುಗಿಹೋಗಿತ್ತು. ಮನೆಯಲ್ಲಿ ಬಡತನ. ಎರ್ನಾಕುಳಂನಲ್ಲಿ ಕ್ರೀಡಾ ಸಾಮಾನಿನ ಏಜೆಂಟ್ ಆದರು, ಸೈಕಲ್ಲಿಂದ ಬಿದ್ದು ಆ ಕೆಲಸವೂ ಹೋಯ್ತು. ‘ಜಯಕೇಸರಿ’ ಪತ್ರಿಕೆಗೆ ಹೋಗಿ ಕೆಲಸ ಕೊಡಿ ಅಂದರು. ಕೆಲಸ ಇಲ್ಲ, ಕಥೆ ಕೊಟ್ಟರೆ ದುಡ್ಡು ಕೊಡ್ತೀನಿ ಅಂದರು ಸಂಪಾದಕರು. ಹಾಗೆ ಹುಟ್ಟಿದ್ದು ‘ಎಂಡೆ ತಂಗಂ’. ಅಂದರೆ ನಮ್ಮ ಸುಲ್ತಾನರು ಕಥೆಗಾರರಾಗಿದ್ದು ಹೊಟ್ಟೆಪಾಡಿಗೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹಸಿವಿನ ಬಗ್ಗೆ ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ. ‘ಜನ್ಮದಿನಂ’ ಓದಿ. ಡೈರಿಯ ಹಾಗಿರುವ ಕಥೆ. ಇವತ್ತು ನನ್ನ ಹುಟ್ಟಿದ ದಿನ, ಒಳ್ಳೆಯವನಾಗಿರಬೇಕು ಅಂತ ಬೆಳಗ್ಗೆ ಶುರು ಮಾಡುವ ಬರಹಗಾರ ಇಡೀ ದಿನ ಊಟವಿಲ್ಲದೆ ಕಳೆಯುತ್ತಾನೆ. ಕೊನೆಗೆ ರಾತ್ರಿ ಪಕ್ಕದವನ ಅಡುಗೆಮನೆಗೆ ನುಗ್ಗಿ ಕದ್ದು ತಿನ್ನುತ್ತಾನೆ. ಇದರಲ್ಲಿ ಅಳು ಇಲ್ಲ, ಭಾಷಣ ಇಲ್ಲ. ಹಸಿದವನಿಗೆ ಗಂಟೆ ಎಷ್ಟಾಯ್ತು ಅನ್ನುವುದೇ ದೊಡ್ಡ ವಿಷಯ ಅನ್ನುವುದು ಅವರಿಗೆ ಗೊತ್ತಿತ್ತು.

ಈಗ ಆ ‘ಸರಳತೆ’ಯ ವಿಷಯಕ್ಕೆ ಬರ್ತೀನಿ. 1944ರಲ್ಲಿ ಬಂದ ‘ಬಾಲ್ಯಕಾಲಸಖಿ’ ಒಂದು ಮಧ್ಯಾಹ್ನ ಓದಿ ಮುಗಿಸಬಹುದಾದ ತೆಳ್ಳನೆ ಪುಸ್ತಕ. ಅದನ್ನು ಅವರು ಮೊದಲು ಬರೆಯಲು ಶುರು ಮಾಡಿದ್ದು ಇಂಗ್ಲಿಷಿನಲ್ಲಿ. ಐನೂರು ಪುಟದಷ್ಟು ಇದ್ದದ್ದನ್ನು ಕಡಿದು ಕಡಿದು ಎಪ್ಪತ್ತೈದಕ್ಕೆ ಇಳಿಸಿದರು. ಬಾಯಿಗೆ ಬಂದ ಹಾಗೆ ಬರೆಯುವವನು ಮಾಡುವ ಕೆಲಸವಾ ಇದು? ವಿಮರ್ಶಕ ಎಂ.ಪಿ. ಪೌಲ್ ಅದರ ಮುನ್ನುಡಿಯಲ್ಲಿ, ಇದು ಬದುಕಿನಿಂದ ಕಿತ್ತುಕೊಂಡ ಹಾಳೆ, ಅಂಚಲ್ಲಿ ರಕ್ತ ಒಸರುತ್ತಿದೆ ಅಂತ ಬರೆದರು. ಹಾಳೆ ಕಿತ್ತಿದ್ದು ನಿಜ. ಆದರೆ ಅದಕ್ಕೆ ಮುಂಚೆ ನಾನೂರು ಚಿಲ್ಲರೆ ಪುಟ ಕಸದ ಬುಟ್ಟಿಗೆ ಹೋಗಿದ್ದವು.

ಆ ಪುಸ್ತಕದಲ್ಲಿ ಮೇಷ್ಟ್ರು ಮಜೀದನನ್ನು ಒಂದೂ ಒಂದೂ ಸೇರಿದರೆ ಎಷ್ಟು ಅಂತ ಕೇಳುವ ಜಾಗ ಇದೆ. ಎರಡು ಹೊಳೆ ಸೇರಿ ಒಂದು ದೊಡ್ಡ ಹೊಳೆ ಆಗುವುದನ್ನು ಕಂಡಿದ್ದ ಹುಡುಗ, ‘ಸ್ವಲ್ಪ ದೊಡ್ಡ ಒಂದು’ ಅಂತಾನೆ. ಕ್ಲಾಸೆಲ್ಲ ನಗುತ್ತೆ, ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಅವನ ಬಾಲ್ಯದ ಗೆಳತಿ ಸುಹರಾ ಅದನ್ನೇ ಹಿಡಿದು ಕಾಡಿಸುತ್ತಾಳೆ. ಎಲ್ಲರೂ ಇದನ್ನು ಕೋಟ್ ಮಾಡಿ ಹೃದಯದ ಇಮೋಜಿ ಹಾಕ್ತಾರೆ. ಆದರೆ ಕಥೆ ಎಲ್ಲಿಗೆ ಹೋಗುತ್ತೆ ನೋಡಿ. ಮಜೀದ್ ಊರು ಬಿಟ್ಟು ಹೋಗಿ ದುಡಿಯುತ್ತಾ ಕಾಲು ಕಳಕೊಳ್ತಾನೆ, ಸುಹರಾ ಕ್ಷಯ ಬಂದು ಸಾಯ್ತಾಳೆ. ಕೊನೆಗೆ ಅವನಿಗೆ ಉಳಿಯುವುದು ಒಂದೇ ಪ್ರಶ್ನೆ, ತಾನು ಹೊರಟು ನಿಂತಾಗ ಅವಳು ಏನೋ ಹೇಳಲು ಬಾಯಿ ತೆರೆದಿದ್ದಳಲ್ಲ, ಅದು ಏನು? ಬಷೀರ್ ಹೇಳುವುದಿಲ್ಲ. ಆ ಎರಡು ಹೊಳೆಗಳು ಸೇರುವುದೇ ಇಲ್ಲ. ಇಮೋಜಿ ಹಾಕಿದವರು ಇಲ್ಲಿವರೆಗೆ ಓದಿದ್ದಾರಾ ಅಂತ ನನಗೆ ಅನುಮಾನ.

‘ಶಬ್ದಙಳ್’ (ಶಬ್ದಗಳು) ಅಂತೂ ಯಾರ ವಾಲ್‌ನಲ್ಲೂ ಕಾಣಲ್ಲ. 1947ರದ್ದು. ಯುದ್ಧದಿಂದ ಬಂದ ಸೈನಿಕನೊಬ್ಬ ಒಬ್ಬ ಬರಹಗಾರನ ಮುಂದೆ ಕೂತು ಕೊಲೆ, ಲೈಂಗಿಕ ರೋಗ, ಬೀದಿಯ ಬದುಕು, ಗಂಡು ಗಂಡಿನ ಸಂಬಂಧ ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳ್ತಾನೆ. ಆ ಕಾಲದ ದೊಡ್ಡವರು ಅಶ್ಲೀಲ ಅಂತ ಹರಿಹಾಯ್ದರು. ಅದಕ್ಕೂ ಮೊದಲು ‘ಪ್ರೇಮಲೇಖನಂ’ ತಿರುವಾಂಕೂರಿನಲ್ಲಿ ನಿಷೇಧವಾಗಿತ್ತು. ಅದೂ ಒಂದು ತಮಾಷೆಯ ಪ್ರೇಮಕಥೆ! ಹುಡುಗಿಗೆ ಕೆಲಸ ಬೇಕು, ಹುಡುಗ ತನ್ನನ್ನು ಪ್ರೀತಿಸುವ ಕೆಲಸ ಕೊಡ್ತೀನಿ ಅಂತಾನೆ. ಹುಡುಗಿ ಕ್ರಿಶ್ಚಿಯನ್, ಹುಡುಗ ನಾಯರ್. ಅಷ್ಟು ಸಾಕಲ್ವಾ ನಮ್ಮವರಿಗೆ ರೊಚ್ಚಿಗೇಳಲು.

‘ಪ್ರೇಮಲೇಖನಂ’ ಬರೆದಿದ್ದು ತಿರುವನಂತಪುರದ ಸೆಂಟ್ರಲ್ ಜೈಲಿನಲ್ಲಿ. ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಆಡಳಿತದ ವಿರುದ್ಧ ಬರೆದದ್ದಕ್ಕೆ ರಾಜದ್ರೋಹದ ಶಿಕ್ಷೆ. ಅದೇ ಜೈಲು ಮುಂದೆ ‘ಮತಿಲುಕಳ್’ (ಗೋಡೆಗಳು) ಅನ್ನುವ ಪುಸ್ತಕ ಆಯ್ತು. ಗೋಡೆಯ ಈ ಕಡೆ ಬಷೀರ್, ಆ ಕಡೆ ಹೆಣ್ಣುಮಕ್ಕಳ ಜೈಲಿನ ನಾರಾಯಣಿ. ಮುಖವೇ ನೋಡಿಲ್ಲ, ಬರೀ ಮಾತು. ಅವಳು ಒಂದು ಒಣ ಕಡ್ಡಿ ಮೇಲಕ್ಕೆ ಎಸೆದರೆ ಬಂದಿದ್ದಾಳೆ ಅಂತ ಗುರುತು. ಆಸ್ಪತ್ರೆಯಲ್ಲಿ ಭೇಟಿಯಾಗೋಣ ಅಂತ ಪ್ಲಾನ್ ಮಾಡಿದಾಗಲೇ ಬಿಡುಗಡೆಯ ಆರ್ಡರ್ ಬರುತ್ತೆ. ಯಾರಿಗೆ ಬೇಕು ಸ್ವಾತಂತ್ರ್ಯ ಅಂತ ಕೇಳ್ತಾನೆ ಅವನು. ಸ್ವಾತಂತ್ರ್ಯಕ್ಕೆ ಅಂತಲೇ ಜೈಲಿಗೆ ಹೋದವನ ಬಾಯಲ್ಲಿ ಈ ಮಾತು! 1990ರಲ್ಲಿ ತೆರೆಗೆ ಬಂದ ಅಡೂರ್ ಗೋಪಾಲಕೃಷ್ಣನ್ ಅವರ ಸಿನಿಮಾದಲ್ಲಿ ಮಮ್ಮೂಟ್ಟಿ ಬಷೀರ್ ಆಗಿದ್ದರು. ಚೆನ್ನಾಗಿದೆ, ಆದರೂ ಪುಸ್ತಕ ಇನ್ನೂ ತುಂಟ.

ಇನ್ನೊಂದು ವಿಷಯ. ಅವರಿಗೆ ಮಾನಸಿಕ ಕಾಯಿಲೆ ಇತ್ತು. ‘ಪಾತುಮ್ಮಯುಡೆ ಆಡ್’ ಬರೆದದ್ದು 1954ರಲ್ಲಿ, ಚಿಕಿತ್ಸೆ ನಡೀತಿದ್ದಾಗ. ಅದನ್ನು ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ, ಒಂದಿಷ್ಟೂ ಮುಜುಗರವಿಲ್ಲದೆ. ಇವತ್ತಿಗೂ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಬಾಯಿಬಿಟ್ಟು ಹೇಳ್ತಾರೆ? ತಮಾಷೆ ಅಂದ್ರೆ, ಅವರ ಪುಸ್ತಕಗಳಲ್ಲೇ ಅತಿ ಹೆಚ್ಚು ನಗಿಸುವುದು ಇದೇ. ತಿದ್ದದೆ ಹಾಗೇ ಕೊಟ್ಟ ಪುಸ್ತಕವೂ ಇದೇ. ಮನೆಯಲ್ಲಿ ಎಲ್ಲರಿಗೂ ಅಣ್ಣನ ದುಡ್ಡು ಬೇಕು. ತಮ್ಮ ಹನೀಫ ಮಾತು ಮಾತಿಗೂ ಸೈನ್ಯಕ್ಕೆ ಹೋಗ್ತೀನಿ ಅಂತ ಹೆದರಿಸ್ತಾನೆ. ಇನ್ನೊಬ್ಬ ತಮ್ಮ ಅಬ್ದುಲ್ ಖಾದರ್ ಅಣ್ಣನ ಬರಹದಲ್ಲಿ ವ್ಯಾಕರಣದ ತಪ್ಪು ಹುಡುಕ್ತಾನೆ. ತಂಗಿ ಪಾತುಮ್ಮನ ಆಡಿನ ಹಾಲು ಕದಿಯಲು ಮನೆಯ ಹೆಂಗಸರದ್ದೇ ಒಂದು ಗುಂಪು. ಆಡು ‘ಬಾಲ್ಯಕಾಲಸಖಿ’ ತಿಂದು, ‘ಶಬ್ದಙಳ್’ ತಿಂದು, ಹೊದಿಕೆಗೆ ಬಾಯಿ ಹಾಕಿದಾಗ ಬಷೀರ್ ಬೇಡಿಕೊಳ್ತಾರೆ, ಅಮ್ಮಾ ಸುಂದರಿ, ಪುಸ್ತಕ ಬೇಕಾದರೆ ಬೇರೆ ಕಾಪಿ ತರಿಸಿ ಕೊಡ್ತೀನಿ, ಹೊದಿಕೆ ನನ್ನ ಹತ್ರ ಒಂದೇ ಇರೋದು ಅಂತ. ತನ್ನ ಸಾಹಿತ್ಯದ ಮೇಲೆ ಇಷ್ಟು ಕಡಿಮೆ ಗರ್ವ ಇರುವ ಲೇಖಕರನ್ನು ನಾನಂತೂ ನೋಡಿಲ್ಲ.

ಮುಸ್ಲಿಂ ಮನೆಯ ಒಳಗಿನ ಮಾತನ್ನು ಅವರು 1940ರ ದಶಕದಲ್ಲೇ ಕಾದಂಬರಿಗೆ ತಂದಿದ್ದರು. ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿ, ಸಾರಾ ಅಬೂಬಕ್ಕರ್ ಬರುವ ತನಕ ನಾವು ಕಾಯಬೇಕಾಯ್ತು.

ಪದ್ಮಶ್ರೀ 1982ರಲ್ಲಿ ಬಂತು. ಜ್ಞಾನಪೀಠ ಕೊನೆಗೂ ಬರಲಿಲ್ಲ. ಪುಸ್ತಕ ತೆಳ್ಳಗಿದ್ದರೆ ಸಮಿತಿಯವರಿಗೆ ಕೈಗೆ ಭಾರ ಅನಿಸಲ್ಲವೋ ಏನೋ.

ಕನ್ನಡಕ್ಕೆ ಬಷೀರ್ ಬಂದಿದ್ದಾರೆ, ಹುಡುಕಿದರೆ ಸಿಗುತ್ತಾರೆ. ಆಡಿನಿಂದ ಶುರು ಮಾಡಿ. ಮುನ್ನುಡಿ ಬಿಟ್ಟು ನೇರ ಕಥೆಗೆ ಹಾರಬೇಡಿ, ಆ ನಗು ಎಂಥ ಕಡೆಯಿಂದ ಬಂತು ಅಂತ ಇರೋದೇ ಅಲ್ಲಿ.